ಕತ್ತರಿಸಿ ತೆಗೆದ ನಾಲ್ಕು ನಿಮಿಷ

ತ್ರಿಪುರಸುಂದರಿ ಕ್ಯಾಮೆರಾ ಕಲಿಯಲು ಹೋದದ್ದು ಆಸೆಯಿಂದಲ್ಲ, ಬೇಜಾರಿನಿಂದ. ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿಗೆ ತಿದ್ದುವವರಿಗೆ ಅಮೆರಿಕದಲ್ಲಿ ಎಲ್ಲಿಲ್ಲದ ಬೇಡಿಕೆಯಿದ್ದ ಕಾಲ ಅದು. ಅವಳ ಗಂಡ ಅಶ್ವತ್ಥನಾರಾಯಣ 1998ರಲ್ಲಿ ಆ ಕೆಲಸಕ್ಕೆಂದೇ ಮೈಸೂರಿನಿಂದ ಅಲ್ಲಿಯ ಪಾರ್ಸಿಪನಿ ಎಂಬ ಊರಿಗೆ ಬಂದ. ಆರು ತಿಂಗಳ ಮೇಲೆ ಅವಳೂ ಮಗಳು ಧೃತಿಯೂ ಬಂದರು. ಹದಿಮೂರು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳಿಗೆ ಇಲ್ಲಿ ಎಚ್-ಫೋರ್ ವೀಸಾ, ಕೆಲಸಕ್ಕೆ ಹೋಗುವಂತಿಲ್ಲ. ಬೆಳಿಗ್ಗೆ ಏಳೂವರೆಗೆ ಗಂಡ ಕಾರು ಹತ್ತಿ, ಮಗಳು ಹಳದಿ ಬಸ್ಸು ಹತ್ತಿ ಹೋದರೆ, ಸಂಜೆಯವರೆಗೂ ಮನೆಯಲ್ಲಿ ಫ್ರಿಜ್ಜಿನದೊಂದೇ ಸದ್ದು.

ಮರುವರ್ಷ ಸೆಪ್ಟೆಂಬರಿನಲ್ಲಿ ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಪಕ್ಕದ ಊರಿನ ಕೇಬಲ್ ಚಾನೆಲ್‌ನವರು ಸುತ್ತಮುತ್ತಲಿನವರಿಗೆ ಸಾಕ್ಷ್ಯಚಿತ್ರ ಮಾಡುವುದನ್ನು ಹನ್ನೆರಡು ವಾರ ಪುಕ್ಕಟೆ ಕಲಿಸುತ್ತಾರಂತೆ. ಕ್ಯಾಮೆರಾ, ಟೇಪು, ದೀಪ ಎಲ್ಲ ಅವರದೇ.

"ಹೋಗಿ ಬಾ. ಅದಕ್ಕೇನು ವೀಸಾ ಕೇಳ್ತಾರಾ?" ಎಂದ ಅಶ್ವತ್ಥನಾರಾಯಣ.

"ಅಮ್ಮಾ, ಯು ಕಾಂಟ್ ಈವನ್ ವರ್ಕ್ ದ ವಿಸಿಆರ್," ಎಂದಳು ಧೃತಿ, ಪುಸ್ತಕದಿಂದ ತಲೆಯೆತ್ತದೆ.

ಅಗ್ನಿಶಾಮಕ ಠಾಣೆಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಅದೇ ಸ್ಟುಡಿಯೋ. ಕಲಿಸುವವನು ವಿನ್ಸ್ ಪಲುಂಬೊ ಎಂಬ ಅರವತ್ತೆಂಟರ ಮುದುಕ. ನಲವತ್ತು ವರ್ಷ ಟಿವಿ ಸುದ್ದಿಗಾಗಿ ಕ್ಯಾಮೆರಾ ಹೊತ್ತು ಅವನ ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಮೊದಲ ಎರಡು ವಾರ ಅವನು ಯಾರಿಗೂ ಕ್ಯಾಮೆರಾ ಮುಟ್ಟಗೊಡಲಿಲ್ಲ. ಮೂರು ಕಾಲಿನ ಸ್ಟ್ಯಾಂಡನ್ನು ಕತ್ತಲೆಯಲ್ಲೂ ನಿಲ್ಲಿಸಬೇಕು. ವೈರನ್ನು ಗಂಟು ಬೀಳದಂತೆ ಸುತ್ತಬೇಕು. ದೀಪ ಬದಲಾದಾಗಲೆಲ್ಲ ಬಿಳಿ ಕಾಗದ ಹಿಡಿದು ಬಣ್ಣ ಸರಿಮಾಡಿಕೊಳ್ಳಬೇಕು. ಗುಂಡಿ ಒತ್ತಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕೈ ಅಲುಗಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಕಿವಿಗೆ ಹೆಡ್‌ಫೋನ್ ಹಾಕದೆ ಚಿತ್ರ ತೆಗೆಯಲೇಬಾರದು. ಎದುರಿಗಿರುವವರಿಗೆ ಕೇಳದ ಸದ್ದೂ ಮೈಕಿಗೆ ಕೇಳುತ್ತದೆ, ಅದು ನಿನಗೆ ಗೊತ್ತಿರಬೇಕು ಎನ್ನುತ್ತಿದ್ದ. ಅವಳ ಹೆಸರು ಅವನ ಬಾಯಲ್ಲಿ ಸುಂಡಾರಿಯಾಗಿತ್ತು.

ಅವಳಿಗೆ ಹಿಡಿಸಿತು. ಇಪ್ಪತ್ತು ವರ್ಷದ ಮೇಲೆ ಮತ್ತೆ ಹಿಂದಿನ ಬೆಂಚಿನಲ್ಲಿ ಕೂತಂತಿತ್ತು. ಅಡುಗೆಮನೆಯಲ್ಲಿ ನಿಂತು ಬೋಗುಣಿಯಿಂದ ಏಳುವ ಹಬೆಯನ್ನು ಹತ್ತು ಎಣಿಸಿ ನೋಡುವುದು ಅಭ್ಯಾಸವಾಯಿತು.

ಎಡಿಟಿಂಗ್ ಕಲಿಸಿದ್ದು ಎಂಟನೆಯ ವಾರ. ಎರಡು ಟೇಪ್ ಯಂತ್ರಗಳು, ನಡುವೆ ತಿರುಗಿಸುವ ಒಂದು ಗುಬುಟು. ಒಂದರಲ್ಲಿ ತೆಗೆದ ಟೇಪು ಓಡುತ್ತದೆ, ಇನ್ನೊಂದರಲ್ಲಿ ಬೇಕಾದಷ್ಟನ್ನೇ ಒಂದರ ಹಿಂದೊಂದು ಜೋಡಿಸಬೇಕು. ವಿನ್ಸ್ ಮೂರು ತುಣುಕು ಕೊಟ್ಟ: ಬಾಗಿಲಲ್ಲಿ ನಿಂತ ಹೆಂಗಸು, ಖಾಲಿ ಕುರ್ಚಿ, ರಸ್ತೆಯಲ್ಲಿ ಹೋಗುವ ಕಾರು. ಅವಳು ಮೊದಲು ಹೆಂಗಸು, ಆಮೇಲೆ ಕಾರು, ಕೊನೆಗೆ ಕುರ್ಚಿ ಇಟ್ಟಳು. "ಹೊರಟು ಹೋದಳು," ಎಂದ ವಿನ್ಸ್. ಕುರ್ಚಿ, ಕಾರು, ಆಮೇಲೆ ಹೆಂಗಸು ಮಾಡಿಸಿದ. "ಈಗ ಬಂದಳು. ನೋಡಿದೆಯಾ ಸುಂಡಾರಿ? ಯಾವುದು ಕೊನೆಗೆ ಬರುತ್ತದೋ ಜನ ಅದನ್ನೇ ನಂಬುತ್ತಾರೆ." ಎಲ್ಲರೂ ನಕ್ಕರು, ಅವಳೂ ನಕ್ಕಳು.

ಕೋರ್ಸು ಮುಗಿಸಲು ಪ್ರತಿಯೊಬ್ಬರೂ ಐದು ನಿಮಿಷದ ಚಿತ್ರವೊಂದನ್ನು ಮಾಡಬೇಕಿತ್ತು: ಯಾರಾದರೂ ಒಬ್ಬರು, ಅವರ ಕೈಯಲ್ಲೊಂದು ಕೆಲಸ. ಅವಳಿಗೆ ನೆನಪಾದವಳು ಕೆಳಗಿನ ಮನೆಯ ಸೌಜನ್ಯಾ. ಇಪ್ಪತ್ತೊಂಬತ್ತರ ಹುಡುಗಿ, ಗದಗ ಬೆಟಗೇರಿಯವಳು, ಟೆಲಿಫೋನ್ ಸಾಫ್ಟ್‌ವೇರಿನ ಇಂಜಿನಿಯರು. ಗಂಡ ಶಿವಪ್ರಸಾದ್ ಹುಬ್ಬಳ್ಳಿಯವನು. ಅವನೂ ಅದೇ ಕೆಲಸ. ಶನಿವಾರ ಮಧ್ಯಾಹ್ನ ಕೆಳಗಿನಿಂದ ಪಟಪಟ ಸದ್ದು ಬರುತ್ತಿತ್ತು: ಸೌಜನ್ಯಾ ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ನನ್ನನ್ನೇನ್ ತೆಗೀತೀರಿ ಸುಂದರಕ್ಕ, ನಾ ಏನ್ ಹೀರೋಯಿನ್ನಾ?" ಎಂದಳಾದರೂ ಆ ಶನಿವಾರ ಇಳಕಲ್ ಸೀರೆ ಉಟ್ಟು ಕಾದಿದ್ದಳು. ರೊಟ್ಟಿ ಬೆಂದು ಹೊಗೆಯೆದ್ದು ಸೂರಿನ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಶಿವಪ್ರಸಾದ್ ಕುರ್ಚಿ ಹತ್ತಿ ಟವೆಲು ಬೀಸಿದ. ಸೌಜನ್ಯಾ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನೋಡಬಾರದೆಂದು ಹೇಳಿದ್ದರೂ ಕ್ಯಾಮೆರಾವನ್ನೇ ನೋಡುತ್ತ ನಕ್ಕಳು. ಆ ನಗು ಹತ್ತು ಎಣಿಸಿದ ಮೇಲೂ ಮುಗಿಯಲಿಲ್ಲ. ಊರಿನ ಚಾನೆಲ್‌ನಲ್ಲಿ ಆ ಚಿತ್ರ ಡಿಸೆಂಬರಿನಲ್ಲಿ ಎರಡು ಸಲ ಬಂತು.

ಫೆಬ್ರವರಿಯ ಒಂದು ಮಂಗಳವಾರ ಸೌಜನ್ಯಾ ಆಫೀಸಿನ ಮೀಟಿಂಗಿನಲ್ಲಿ ತಲೆನೋವೆಂದು ಹಣೆ ಹಿಡಿದುಕೊಂಡವಳು ಅಲ್ಲೇ ಕುಸಿದಳು. ಮೆದುಳಿನಲ್ಲಿ ನಾಳವೊಂದು ಒಡೆದಿತ್ತು. ಗುರುವಾರ ಬೆಳಿಗ್ಗೆ ಡಾಕ್ಟರು ಉಸಿರಾಟದ ಯಂತ್ರ ನಿಲ್ಲಿಸಲು ಶಿವಪ್ರಸಾದನ ಸಹಿ ಕೇಳಿದರು.

ಸೌಜನ್ಯಾಳ ತಾಯಿ ಅಕ್ಕಮ್ಮ ಬೆಟಗೇರಿಯಲ್ಲಿ ಹೆರಿಗೆ ಮಾಡಿಸುವ ನರ್ಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಇವಳೊಬ್ಬಳೇ ಮಗಳು. ಅವರ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಹೆಣವನ್ನು ಕಳಿಸಲು ಕಾಗದಪತ್ರಕ್ಕೇ ಹತ್ತು ದಿನ ಬೇಕೆಂದರು. ಅದರ ಮೇಲೆ ಹಿಮ ಬಿದ್ದು ವಿಮಾನಗಳು ನಿಂತಿದ್ದವು. ಶಿವಪ್ರಸಾದ್ ಅತ್ತೆಯೊಡನೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ, ಮೇಲಿನ ಮನೆಗೆ ಹತ್ತಿ ಬಂದ. ಮೂರು ದಿನದ ಗಡ್ಡ.

"ಸುಂದರಕ್ಕ, ಇಲ್ಲೇ ಮಾಡ್ರಿ ಅಂದ್ರು ಅತ್ತಿಯವ್ರು. ಎಲ್ಲಾ ವಿಡಿಯೋ ಮಾಡಿ ಕಳಸ್ರಿ ಅಂದಾರ. ನಿಮಗ ಆಗ್ತದೇನು?"

ಅವಳಿಗೆ ಆಗುವುದಿಲ್ಲವೆನ್ನಲು ನಾಲಿಗೆ ಏಳಲಿಲ್ಲ. ಸ್ಟುಡಿಯೋದಿಂದ ಕ್ಯಾಮೆರಾವನ್ನೂ ಎರಡು ಟೇಪನ್ನೂ ತಂದಳು.

ಲಿಂಗಾಯತರ ಸಂಸ್ಕಾರವನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳ ಕಡೆ ಸುಡುವುದು. ಹೆಂಗಸರು ಸ್ಮಶಾನಕ್ಕೇ ಹೋಗುವುದಿಲ್ಲ. ಊರಲ್ಲಾದರೆ ದೇಹವನ್ನು ಕೂರಿಸಿ ಮಣ್ಣು ಕೊಡುತ್ತಾರೆ ಎಂದು ಈಶಣ್ಣ ಹೇಳಿದರು. ಈಶಣ್ಣ ವಾರವೆಲ್ಲ ಕಂಪ್ಯೂಟರ್ ಟೆಸ್ಟಿಂಗ್ ಮಾಡುವವರು, ಆದರೆ ಮಠದ ಮನೆತನದವರಾದ್ದರಿಂದ ಅಂದು ಕ್ರಿಯೆ ಮಾಡಿಸುವ ಅಯ್ಯನವರ ಜಾಗದಲ್ಲಿ ಅವರೇ ನಿಂತಿದ್ದರು. ಇಲ್ಲಿಯ ಸ್ಮಶಾನದವರು ಕೂರಿಸಲು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿಯೇ ಹೂಳಬೇಕೆಂಬುದು ಅವರ ನಿಯಮ. ಈಶಣ್ಣ ಸೌಜನ್ಯಾಳ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಹಣೆಗೆ ವಿಭೂತಿ ಬಳಿದು, ಮಂತ್ರ ಹೇಳಿದರು. ತ್ರಿಪುರಸುಂದರಿ ಹತ್ತು ಎಣಿಸುತ್ತ, ಅಲುಗದೆ, ತೆಗೆದಳು. ಎಣಿಕೆ ಇದ್ದದ್ದರಿಂದಲೇ ಅಳು ಬರಲಿಲ್ಲ.

ಸ್ಮಶಾನದ ನೆಲ ಹೆಪ್ಪುಗಟ್ಟಿತ್ತು. ಯಂತ್ರದಿಂದ ಅಗೆದ ಮಣ್ಣಿನ ಮೇಲೆ ಸ್ಮಶಾನದವರು ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು ಮುಚ್ಚಿಟ್ಟಿದ್ದರು. ಈಶಣ್ಣ ಅದನ್ನು ತೆಗೆಸಿದರು. ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಬಂದು ಹಿಡಿ ಹಿಡಿ ಮಣ್ಣು ಹಾಕಿದರು. ಮಣ್ಣಲ್ಲ ಅದು, ಕಲ್ಲಾಗಿದ್ದ ಹೆಂಟೆಗಳು. ಸುತ್ತ ನಿಂತವರಿಗೆ ಗಾಳಿಯಲ್ಲಿ ಅಷ್ಟಾಗಿ ಕೇಳಿಸಿತೋ ಇಲ್ಲವೋ. ಹೆಡ್‌ಫೋನ್ ಹಾಕಿದ್ದ ಅವಳ ಕಿವಿಗೆ ಮಾತ್ರ ಒಂದೊಂದು ಹೆಂಟೆಯೂ ಮರದ ಮುಚ್ಚಳಕ್ಕೆ ಬಡಿದದ್ದು ಬಾಗಿಲು ತಟ್ಟಿದ ಹಾಗೆ ಕೇಳಿತು. ಶಿವಪ್ರಸಾದ್ ಹಾಕಿದ್ದು ಎಲ್ಲಕ್ಕಿಂತ ದೊಡ್ಡದು. ಅವಳು ಗುಂಡಿ ಬಿಡದೆ ತೆಗೆದಳು, ಕೊನೆಯವರೆಗೆ.

ಮರುವಾರ ಸ್ಟುಡಿಯೋದಲ್ಲಿ ಒಬ್ಬಳೇ ಕೂತು ಜೋಡಿಸಿದಳು. ಮುಚ್ಚಳ ಮುಚ್ಚಿದ ಕ್ಷಣದಿಂದ ಕೊನೆಯ ಹೆಂಟೆಯವರೆಗೆ ನಾಲ್ಕು ನಿಮಿಷ. ಗುಬುಟು ತಿರುಗಿಸಿ ಮೂರು ಸಲ ಮುಂದೆ ಹಿಂದೆ ಓಡಿಸಿದಳು. ಹೆತ್ತವಳಿಗೆ ಈ ಸದ್ದನ್ನು ಹೇಗೆ ಕೇಳಿಸುವುದು? ಧೃತಿಯ ಮುಖ ಕಣ್ಣ ಮುಂದೆ ಬಂತು. ಆ ನಾಲ್ಕು ನಿಮಿಷವನ್ನು ಬಿಟ್ಟಳು. ಬಿಟ್ಟ ಮೇಲೆ ಟೇಪು ವಿಭೂತಿ ಬಳಿದ ಮುಖದಲ್ಲಿ ನಿಂತುಬಿಡುತ್ತಿತ್ತು. ಅದೂ ಸರಿ ಕಾಣಲಿಲ್ಲ. ತಾಯಿಗೆ ಕೊನೆಯಲ್ಲಿ ಸ್ವಲ್ಪ ಸಮಾಧಾನವಿರಲಿ ಎಂದು ರೊಟ್ಟಿಯ ಚಿತ್ರದಿಂದ ಆ ನಗುವನ್ನು ತಂದು ಕೊನೆಗೆ ಸೇರಿಸಿದಳು.

ಕಳಿಸುವ ಮುಂಚೆ ಶಿವಪ್ರಸಾದನಿಗೆ ತೋರಿಸಹೋದಳು. "ನೀವು ನೋಡೀರಲ್ಲ, ಸಾಕು. ನನ್ನ ಕೈಲಿ ಆಗಂಗಿಲ್ಲ," ಎಂದ. ಎಡಿಸನ್ ಊರಿನ ಅಂಗಡಿಯೊಂದರಲ್ಲಿ ಟೇಪನ್ನು ಇಂಡಿಯಾದ ಟಿವಿಗೆ ಒಗ್ಗುವಂತೆ ಬದಲಾಯಿಸಿ, ಊರಿಗೆ ಹೊರಟಿದ್ದ ಯಾರದೋ ಕೈಲಿ ಕೊಟ್ಟು ಕಳಿಸಿದರು.

ಏಪ್ರಿಲ್ ಕೊನೆಗೆ ಶಿವಪ್ರಸಾದ್ ಮತ್ತೆ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ನಿಂತ.

"ಅತ್ತಿಯವ್ರು ಗಣಾರಾಧನಿ ಮಾಡಾಕ ಒಲ್ಲೆ ಅನ್ನಾಕತ್ಯಾರ, ಅಕ್ಕಾ. ಸತ್ತವರಿಗೆ ಹನ್ನೊಂದನೇ ದಿನ ಮಾಡೂದು. ಟೇಪು ನೋಡಿ ಮಾಡ್ತೀನಿ ಅಂತ ಅಂದಿದ್ರು. ಟೇಪು ನೋಡಿದ್ರು, ಈಗ ಮಾಡೂದಿಲ್ಲ ಅಂತಾರ. ಮಗಳು ಅದಾಳ, ನೀವು ಏನೋ ಮುಚ್ಚಾಕತ್ತೀರಿ ಅಂತಾರ."

"ಅಂದ್ರೆ?"

"ನೀವ ಮಾತಾಡ್ರಿ. ನಾ ಹೇಳಿದ್ದು ನಂಬೂದಿಲ್ಲ."

ಅವಳು ಕಾಲಿಂಗ್ ಕಾರ್ಡಿನ ನಂಬರು ಒತ್ತಿದಳು. ಅಲ್ಲಿ ಬೆಳಗಿನ ಹೊತ್ತು. ಅಕ್ಕಮ್ಮನ ದನಿ ಗಟ್ಟಿಯಾಗಿತ್ತು, ಅಳುವಿನ ಸುಳಿವೇ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು.

"ಯವ್ವಾ, ನೀ ಚಲೋ ಹೆಣ್ಮಗಳು ಅಂತ ಸೌಜು ಹೇಳ್ತಿದ್ಲು. ಒಂದ ಮಾತು ಕೇಳ್ತೀನಿ, ಖರೇ ಹೇಳು. ಮಣ್ಣು ಕೊಡೂದು ತೋರಸ್ರಿ ಅಂತ ನಾ ಪ್ರಸಾದಗ ಬಾಯಿಬಿಟ್ಟು ಹೇಳಿದ್ನಿ. ಟೇಪಿನ್ಯಾಗ ಮಣ್ಣು ಎಲ್ಲೈತಿ?"

"ಅಮ್ಮ, ನಿಮಗೆ ನೋಡಕ್ಕೆ ಕಷ್ಟ ಆಗುತ್ತೆ ಅಂತ..."

"ಮಲಗ್ಯಾಳ. ಹಣಿಗೆ ವಿಭೂತಿ ಐತಿ. ಆಮ್ಯಾಲೆ ಎದ್ದು ರೊಟ್ಟಿ ಬಡದು ನಗತಾಳ. ಹಿಂಗ ಐತಿ ನಿನ್ನ ಟೇಪು. ನಾ ಮೂವತ್ತು ವರ್ಷ ಹೆರಿಗಿ ಮಾಡಸೀನಿ ಯವ್ವಾ. ಉಸರಿಲ್ಲದ ಕೂಸಿನ ಬೆನ್ನು ಚಪ್ಪರಿಸಿ ಅಳಸೀನಿ. ಸತ್ತೈತಿ ಅಂತ ಅರಿವಿ ಸುತ್ತಿಟ್ಟ ಕೂಸು ಅತ್ತದ್ದು ಕಂಡೀನಿ. ನನ್ನ ಮಗಳಿಗೆ ಎಚ್ಚರ ಆತೇನು? ಬುದ್ಧಿ ಹೋಗೈತಿ ಅಂತ ಎಲ್ಲಿಯಾರ ಇಟ್ಟೀರೇನು? ಹೆಂಗಿದ್ರೂ ನಡೀತೈತಿ, ನಾ ನೋಡ್ಕೋತೀನಿ. ಕಳಸ್ರಿ."

ಎಡಿಟಿಂಗ್ ಪಾಠದಲ್ಲಿ ವಿನ್ಸ್ ಹೇಳಿ ಎಲ್ಲರೂ ನಕ್ಕಿದ್ದನ್ನು, ವಿಜ್ಞಾನ ಹೇಳಿಕೊಟ್ಟ ತ್ರಿಪುರಸುಂದರಿಯೇ ಕೈಯಾರೆ ಒಬ್ಬ ತಾಯಿಗೆ ಮಾಡಿಟ್ಟಿದ್ದಳು.

"ಇಲ್ಲ ಅಮ್ಮ. ಮಣ್ಣು ಕೊಟ್ಟಿದೀವಿ. ನಾನೇ ತೆಗೆದಿದೀನಿ. ಕತ್ತರಿಸಿಬಿಟ್ಟೆ ಅಷ್ಟೆ. ಪೂರ್ತಿ ಕಳಿಸ್ತೀನಿ," ಎಂದಳು.

"ಕಳಸು. ಕಂಡ್ರ ನಂಬತೀನಿ."

ಮರುದಿನವೇ ಸ್ಟುಡಿಯೋಗೆ ಹೋದಳು. ಟೇಪುಗಳನ್ನು ಮಾರ್ಚಿನಲ್ಲೇ ಹಿಂತಿರುಗಿಸಿದ್ದಳು. ಮೂವತ್ತು ದಿನದೊಳಗೆ ಕೊಡಬೇಕೆಂಬುದು ಅಲ್ಲಿಯ ನಿಯಮ. ಕಪಾಟಿನಲ್ಲಿ ನಂಬರು ಹುಡುಕಿದಳು. ಎರಡೂ ಸಿಕ್ಕಿದವು. ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದರೆ ಹೈಸ್ಕೂಲು ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ. ಕೊನೆಯವರೆಗೂ ಓಡಿಸಿದಳು. ಎರಡನೆಯದರಲ್ಲಿ ಊರಿನ ಬಜೆಟ್ ಸಭೆ. ಹಿಂದಿರುಗಿ ಬಂದ ಟೇಪನ್ನೆಲ್ಲ ಆಯಸ್ಕಾಂತದ ಯಂತ್ರದಲ್ಲಿಟ್ಟು ಒರೆಸಿ ಮುಂದಿನವರಿಗೆ ಕೊಡುವುದು ಅಲ್ಲಿಯ ಪದ್ಧತಿ. ಅದನ್ನೂ ಮೊದಲ ವಾರವೇ ಹೇಳಿದ್ದರು.

ವಿನ್ಸ್ ಬಂದಾಗ ಅವಳು ಓಡುತ್ತಿದ್ದ ಆಟದ ಮುಂದೆ ಸುಮ್ಮನೆ ಕೂತಿದ್ದಳು. ಎಲ್ಲವನ್ನೂ ಹೇಳಿದಳು. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತ.

"ಒರೆಸಿದವನು ನಾನೇ. ಲೇಬಲ್ಲು ಓದಲಿಲ್ಲ," ಎಂದ. ಆಮೇಲೆ ಹೇಳಿದ: "ಅದನ್ನು ಮತ್ತೆ ತೆಗೆಯಲಾಗದು, ಸುಂಡಾರಿ. ಯಾರನ್ನೋ ನಿಲ್ಲಿಸಿ ಮಣ್ಣು ಹಾಕಿಸಿ ತೆಗೆದರೆ ಅದು ಎರಡನೆಯ ಸುಳ್ಳಾಗುತ್ತದೆ."

"ಮತ್ತೆ ನಾನು ಏನು ಕಳಿಸಲಿ?"

"ಏನು ಇದೆಯೋ ಅದನ್ನು. ಸಮಾಧಿ ಇದೆ. ನೀನಿದ್ದೀಯ."

ಮೇ ತಿಂಗಳ ಮೊದಲ ಭಾನುವಾರ ವಿನ್ಸ್ ತನ್ನ ಕಾರಿನಲ್ಲೇ ಅವಳನ್ನು ಕರೆದೊಯ್ದ. ಶಿವಪ್ರಸಾದನೂ ಬಂದ. ಹಿಮ ಕರಗಿ ನೆಲ ತಗ್ಗಿತ್ತು, ಅಲ್ಲಲ್ಲಿ ಹುಲ್ಲು ಚಿಗುರಿತ್ತು. ಅವಳು ಸ್ಟ್ಯಾಂಡ್ ನಿಲ್ಲಿಸಿದಳು, ಬಿಳಿ ಕಾಗದ ಹಿಡಿದಳು. ಮೊದಲು ಸ್ಮಶಾನದ ಗೇಟು, ದಾರಿ, ಆಮೇಲೆ ಕಲ್ಲಿನ ಮೇಲಿನ ಹೆಸರು, ತಾರೀಖು, ಆಮೇಲೆ ಮಣ್ಣು. ಒಂದೊಂದನ್ನೂ ತಡೆಯಿಲ್ಲದೆ ಉದ್ದಕ್ಕೆ ತೆಗೆದಳು. ಆಮೇಲೆ ಹೆಡ್‌ಫೋನನ್ನು ವಿನ್ಸ್‌ನ ಕೈಗೆ ಕೊಟ್ಟು, ಕ್ಯಾಮೆರಾದ ಮುಂದೆ ಹೋಗಿ ಸಮಾಧಿಯ ಪಕ್ಕ ನೆಲದ ಮೇಲೆ ಕೂತಳು. ಜೀವನದಲ್ಲಿ ಮೊದಲ ಸಲ ಆ ಕಡೆ ಕೂತದ್ದು.

"ಅಕ್ಕಮ್ಮನವರೇ, ನಾನು ತ್ರಿಪುರಸುಂದರಿ," ಎಂದು ಶುರುಮಾಡಿದಳು. ಪೆಟ್ಟಿಗೆ ಎಷ್ಟು ಹೊತ್ತಿಗೆ ಇಳಿಯಿತು, ಮೊದಲು ಯಾರು ಮಣ್ಣು ಹಾಕಿದರು, ಆಮೇಲೆ ಯಾರು, ಎಷ್ಟು ಚಳಿಯಿತ್ತು, ಮಣ್ಣು ಎಂಥದ್ದಿತ್ತು, ಎಂಥ ಸದ್ದು ಬಂತು, ಎಲ್ಲವನ್ನೂ ಅನುಕ್ರಮವಾಗಿ ಹೇಳಿದಳು. ಕೂರಿಸಲು ಇಲ್ಲಿ ಬಿಡಲಿಲ್ಲವೆಂದೂ, ಮಲಗಿಸಿಯೇ ಹೂಳಿದೆವೆಂದೂ ಹೇಳಿದಳು. ಆ ಭಾಗ ನಾನೇ ತೆಗೆದೆ, ನಾನೇ ಬಿಟ್ಟೆ, ಈಗ ಅದು ಎಲ್ಲೂ ಇಲ್ಲ ಎಂದಳು. ರೊಟ್ಟಿ ಬಡಿದು ನಕ್ಕದ್ದು ಹೋದ ನವೆಂಬರಿನದು, ಸಾಯುವ ಮುಂಚಿನದು. ಅದನ್ನು ಕೊನೆಯಲ್ಲಿ ಇಟ್ಟದ್ದು ನನ್ನ ತಪ್ಪು ಎಂದಳು. ಹೇಳುತ್ತ ಹೇಳುತ್ತ ಅಂಗೈಯನ್ನು ಮಣ್ಣಿನ ಮೇಲೆ ಊರಿದಳು. ನಡುವೆ ಎರಡು ಸಲ ಮೂಗು ಒರೆಸಿಕೊಂಡಳು. ವಿನ್ಸ್‌ಗೆ ಭಾಷೆ ತಿಳಿಯದು, ಆದರೂ ಅವನು ಕ್ಯಾಮೆರಾ ನಿಲ್ಲಿಸಲಿಲ್ಲ.

ಈ ಟೇಪಿನಲ್ಲಿ ಅವಳು ಒಂದು ಕ್ಷಣವನ್ನೂ ಕತ್ತರಿಸಲಿಲ್ಲ. ಮೂಗು ಒರೆಸಿಕೊಂಡದ್ದೂ ಹಾಗೇ ಹೋಯಿತು.

ಜೂನಿನಲ್ಲಿ ಒಂದು ಸಂಜೆ ಫೋನು ಬಂತು. ಅಕ್ಕಮ್ಮನೇ ಮಾಡಿದ್ದರು, ಅಲ್ಲಿ ಆಗ ನಸುಕು ಹರಿಯುವ ಹೊತ್ತು.

"ನೋಡಿದ್ನಿ," ಎಂದರು. ಆಮೇಲೆ ತಾವೇ ಮುಂದುವರಿಸಿದರು.

"ಬರೂ ಸೋಮವಾರ ಗಣಾರಾಧನಿ ಇಟ್ಕೊಂಡೀನಿ. ಸ್ವಾಮಿಗೋಳಿಗೆ ಹೇಳಿ ಕಳಸೀನಿ."

"ನನ್ನನ್ನ ಕ್ಷಮಿಸಿ ಅಮ್ಮ."

"ಸಿಟ್ಟಿಲ್ಲ ಯವ್ವಾ. ನೀ ತಾಯಿ ಅದಿ, ನನ್ನ ಸಲುವಾಗೇ ಮಾಡೀದಿ. ಆದ್ರ ನಿನಗ ಹೇಳಬೇಕು. ಆ ಮೂರು ತಿಂಗಳು ನಾ ಬಾಗಿಲಕ್ಕ ಅಗಳಿ ಹಾಕಿಲ್ಲ. ಆಕಿ ಸೀರಿ ಒಗದು ಇಸ್ತ್ರಿ ಮಾಡಿ ಇಟ್ಟಿದ್ನಿ. ಓಣಿ ಮಂದಿ ನನಗ ಹುಚ್ಚು ಹಿಡದೈತಿ ಅಂದ್ರು. ಆದ್ರೂ ಆ ಮೂರು ತಿಂಗಳು ನನ್ನ ಮಗಳು ಇದ್ಲು. ನಿನ್ನಿ ಹೋದ್ಲು. ನನಗ ಆಕಿ ನಿನ್ನಿ ಸತ್ತಾಳ."

ತ್ರಿಪುರಸುಂದರಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅತ್ತ ಅಕ್ಕಮ್ಮ ಮೊದಲ ಬಾರಿಗೆ ಅತ್ತರು. ಇವಳು ಕೊನೆಯವರೆಗೂ ಕೇಳಿದಳು. ಅಳು ಮುಗಿದ ಮೇಲೆ ಅಕ್ಕಮ್ಮ ಮೂಗೆಳೆದುಕೊಂಡು ಕೇಳಿದರು: "ಕಲ್ಲಿನ ಮ್ಯಾಲೆ ಇಂಗ್ಲಿಷಿನ್ಯಾಗ ಬರದಾರಲ್ಲ, ಅದು ಆಕಿ ಹೆಸರೇ ಏನು?"

"ಹೌದು ಅಮ್ಮ."

"ನನಗ ಇಂಗ್ಲಿಷ್ ಬರಂಗಿಲ್ಲ. ನನಗ ಓದಾಕ ಬರೂವಂಗ ಬರಸು."

ಅಕ್ಕಮ್ಮ ಅವಳೊಡನೆ ಮಾತಾಡಿದ್ದು ಅದೇ ಕೊನೆ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಶಿವಪ್ರಸಾದ್ ಕ್ಯಾಲಿಫೋರ್ನಿಯಾಕ್ಕೆ ಕೆಲಸ ಬದಲಾಯಿಸಿಕೊಂಡು ಹೋದ. ಹೋಗುವಾಗ ಸ್ಮಶಾನದ ಕಾಗದಗಳನ್ನು ಅವಳ ಕೈಲಿಟ್ಟು, "ನಿಮಗ ಹತ್ತಿರ ಆಗ್ತದ," ಎಂದಷ್ಟೇ ಹೇಳಿದ. ಅವಳಿಗೆ ಕೆಲಸದ ಪರವಾನಗಿ ಸಿಕ್ಕ ಮೇಲೆ ವಿನ್ಸ್ ಅವಳನ್ನು ಸ್ಟುಡಿಯೋಗೆ ಸೇರಿಸಿದ. ವೈರು ಸುತ್ತುವುದು, ಬಿಳಿ ಕಾಗದ ಹಿಡಿಯುವುದು, ಎಲ್ಲವನ್ನೂ ಅವಳು ಬಹಳ ವರ್ಷ ಬಂದವರಿಗೆಲ್ಲ ಕಲಿಸಿದಳು. ತಾನು ಮಾತ್ರ ಇನ್ನೊಂದು ಚಿತ್ರ ಮಾಡಲಿಲ್ಲ. ಯಾರಾದರೂ ಕೇಳಿದರೆ, ಕಲಿಸುವುದೇ ನನಗೆ ಬರುವ ಕೆಲಸ ಎನ್ನುತ್ತಿದ್ದಳು.

ಕಲ್ಲಿನ ಕೆಲಸವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಕೆತ್ತುವವನಿಗೆ ಕನ್ನಡ ಅಕ್ಷರ ಕಂಡೇ ಗೊತ್ತಿರಲಿಲ್ಲ. ಅವಳು ದೊಡ್ಡ ಕಾಗದದ ಮೇಲೆ ದಪ್ಪ ಮಾರ್ಕರಿನಲ್ಲಿ ಸೌಜನ್ಯಾ ಎಂದು ಬರೆದು ಒಯ್ದಳು. ಅವನು ತಿರುಗಿಸಿ ನೋಡಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಿದ. ಕೊನೆಯ ಅಕ್ಷರಕ್ಕೆ ಅಂಟಿದ ಒತ್ತನ್ನು ತೋರಿಸಿ, ಇದು ಬೇಕೇ, ಶಾಯಿ ಜಾರಿದ್ದೇ ಎಂದ.

"ಬೇಕು," ಎಂದಳು ಅವಳು.

ಅವನು ಉಳಿ ತೆಗೆದುಕೊಂಡ. ಒತ್ತು ಮುಗಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.